ಅಂಗಳದಲ್ಲಿ ಕೆಮ್ಮಿದ್ದು ಯಾರು?

ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಯಾರೋ ಕೆಮ್ಮಿದರು.

ಇಷ್ಟೇ ಸಾಲು. ಯಾವ ಕಾದಂಬರಿಯದೂ ಅಲ್ಲ, ನಾನೇ ಬರೆದದ್ದು. ತೀರ್ಥಹಳ್ಳಿಯಲ್ಲಿ ನಾವು ಏಳು ಮಂದಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯ ಜಗಲಿಯಲ್ಲಿ ಕೂತು ಓದುತ್ತೇವೆ. ಈ ಸೀಮೆಯಲ್ಲಿ ಓದಲು ಕೂತರೆ ಒಂದು ತಾಪತ್ರಯವಿದೆ. ಪುಸ್ತಕದ ಮೇಲೆ ದೊಡ್ಡ ಹೆಸರು ಕಂಡ ಕೂಡಲೇ ಎಲ್ಲರಿಗೂ ಹಿಂದೆಂದೋ ಕೇಳಿದ ಭಾಷಣಗಳು ನೆನಪಿಗೆ ಬಂದು, ಎದುರಿಗಿರುವ ಪುಟ ಮರೆತೇ ಹೋಗುತ್ತದೆ. ಅದಕ್ಕೇ ಒಂದು ಸಲ ಹೆಸರಿಲ್ಲದ ಈ ಸಾಲನ್ನು ಚೀಟಿಗಳಲ್ಲಿ ಬರೆದು ಹಂಚಿದೆ.

"ಇದೆಂತ ಮೇಷ್ಟ್ರೇ, ಪರೀಕ್ಷೆಯಾ?" ಎಂದರು ತೋಟದವರೊಬ್ಬರು.

"ಪರೀಕ್ಷೆ ಅಲ್ಲ ಮಾರಾಯ್ರೆ. ಅರ್ಥ ಬರೀಬೇಡಿ. ಅಂಗಳ ಹೇಗಿತ್ತು, ಕೆಮ್ಮು ಯಾವ ಕಡೆಯಿಂದ ಬಂತು, ಅಷ್ಟು ಬರೀರಿ."

ಆ ತೋಟದವರ ಅಂಗಳ ಸಗಣಿ ಸಾರಿಸಿದ್ದು. ಮೇಲೆ ಅಡಿಕೆ ಒಣಗಿಸುವ ಚಪ್ಪರ. ಕೆಮ್ಮು ದಣಪೆಯ, ಅಂದರೆ ಬೇಲಿ ದಾಟುವ ಬಾಗಿಲಿನ, ಹತ್ತಿರದಿಂದ ಬಂತು, ಕೆಮ್ಮಿದವನು ನಾಳೆ ಕೊನೆ, ಎಂದರೆ ಅಡಿಕೆ ಗೊಂಚಲು, ತೆಗೆಯಲು ಬರುತ್ತೇನೆಂದು ಹೇಳಲು ಬಂದ ಕೊನೆಗಾರ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಶಿಕ್ಷಕಿಯೊಬ್ಬರ ಅಂಗಳಕ್ಕೆ ಸಿಮೆಂಟು ಬಳಿದಿತ್ತು, ನಾಲ್ಕು ಹೆಜ್ಜೆಗೆ ಮುಗಿಯುತ್ತಿತ್ತು, ಮೂಲೆಯಲ್ಲಿ ತುಳಸಿ ಕುಂಡ. ಕೆಮ್ಮಿದ್ದು ಶಿಫ್ಟ್ ಮುಗಿಸಿ ಬಂದ ಅಪ್ಪ. ಕೆಮ್ಮಿಗೆ ಮುಂಚೆ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದೂ ಅವರಿಗೆ ಕೇಳಿಸಿತ್ತು! ಬ್ಯಾಂಕಿನಿಂದ ನಿವೃತ್ತರಾದವರು ಅಂಗಳದ ಗೊಡವೆಗೇ ಹೋಗದೆ, "ಹೋಗಿ ನೋಡಿದರೆ ಯಾರೂ ಇರಲಿಲ್ಲ, ಇದು ಮುಂದಿನ ಸಾಲು" ಎಂದು ಬರೆದಿದ್ದರು. ಇನ್ನಿಬ್ಬರದು ಹೆಚ್ಚುಕಡಿಮೆ ತೋಟದವರ ಅಂಗಳವೇ. ನರ್ಸ್ ಆಗಿರುವ ಒಬ್ಬ ಹೆಣ್ಣುಮಗಳು ಮಾತ್ರ ಏನೂ ಬರೆಯದೆ ಚೀಟಿ ಹಿಂದಕ್ಕೆ ಕೊಟ್ಟರು.

ಸಾಲಿನಲ್ಲಿ ಸಗಣಿ ಇಲ್ಲ, ತುಳಸಿ ಇಲ್ಲ, ಸೈಕಲ್ ಇಲ್ಲ, ದೆವ್ವವೂ ಇಲ್ಲ. ಇವೆಲ್ಲ ಎಲ್ಲಿಂದ ಬಂದವು? ಓದುವವರ ತಲೆಯಿಂದ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಸಾಲು ಇಲ್ಲದಿದ್ದರೆ ಅವು ಆ ಹೊತ್ತಿಗೆ ತಲೆಯೊಳಗೂ ಇರುತ್ತಿರಲಿಲ್ಲ. ಹಾಗಾದರೆ ಆ ಅಂಗಳ ಇರುವುದೆಲ್ಲಿ, ಚೀಟಿಯಲ್ಲೋ ತಲೆಯಲ್ಲೋ? ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದ ತತ್ತ್ವಶಾಸ್ತ್ರಕ್ಕೆ ಫಿನಾಮಿನಾಲಜಿ ಎಂದು ಹೆಸರು.

ನನಗೆ ಆ ಹೆಸರು ಮೊದಲು ಸಿಕ್ಕಿದ್ದು ಎಂ.ಎ. ಓದುವಾಗ, ಬರೆಸಿದ ನೋಟ್ಸಿನಲ್ಲಿ. "ಪ್ರಜ್ಞೆಯ ಮೂಲರಚನೆಗಳ ಅಧ್ಯಯನವೇ ಫಿನಾಮಿನಾಲಜಿ" ಎಂದು ಬರೆಸಿದರು, ನಾವು ಬರೆದುಕೊಂಡೆವು, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ಪಡೆದೆವು. ಬರೆಸಿದವರಿಗೂ ಬರೆದುಕೊಂಡವರಿಗೂ ಅರ್ಥವಾಗದ ವಾಕ್ಯಗಳಿಗೆ ನಮ್ಮಲ್ಲಿ ಆಯುಷ್ಯ ಜಾಸ್ತಿ.

ಕನ್ನಡದಲ್ಲಿ ಇದನ್ನು ವಿದ್ಯಮಾನಶಾಸ್ತ್ರ ಎನ್ನುವವರಿದ್ದಾರೆ, ಬೇರೆ ಹೆಸರುಗಳೂ ಇವೆ, ಯಾವುದೂ ನಾಲಗೆಗೆ ಹತ್ತಿಲ್ಲ. ಮೂಲದ ಗ್ರೀಕ್ ಪದ 'ಫೈನೊಮೆನಾನ್' ಮಾತ್ರ ಬಹಳ ಸಾದಾ. ತೋರುವುದು, ಕಾಣಿಸಿಕೊಳ್ಳುವುದು ಎಂದಷ್ಟೇ ಅದರ ಅರ್ಥ. ಮೋಡ ನೋಡಿ ನಮ್ಮ ಕಡೆ "ಮಳೆ ಬರೋ ಹಾಗೆ ಕಾಣ್ತದೆ" ಎನ್ನುತ್ತೇವಲ್ಲ, ಆ ಕಾಣುವುದು. ಕನ್ನಡದ ಈ ಕ್ರಿಯಾಪದದಲ್ಲಿ ಒಂದು ಸ್ವಾರಸ್ಯವಿದೆ. "ನನಗೆ ಗುಡ್ಡ ಕಾಣುತ್ತದೆ" ಎನ್ನುವಾಗ ಕರ್ತೃವಿನ ಜಾಗದಲ್ಲಿ ಇರುವುದು ಗುಡ್ಡ. ನಾನು ಚತುರ್ಥಿಯಲ್ಲಿ, ಬಂದದ್ದನ್ನು ಪಡೆಯುವವನಾಗಿ, ಪಕ್ಕದಲ್ಲಿ ನಿಂತಿದ್ದೇನೆ. ನನಗೆ ಕೇಳಿಸಿತು, ನನಗೆ ಅನ್ನಿಸಿತು, ನನಗೆ ಕಥೆ ಅರ್ಥವಾಯಿತು, ಎಲ್ಲವೂ ಹೀಗೇ. ವ್ಯಾಕರಣದಿಂದ ನೇರ ತತ್ತ್ವಕ್ಕೆ ಹಾರುವುದು ಅಪಾಯ, ಆದರೂ ಫಿನಾಮಿನಾಲಜಿಯವರು ಪುಟಗಟ್ಟಲೆ ಬರೆದು ಹಿಡಿಯಲು ಹೆಣಗಿದ ಒಂದು ಸಂಗತಿ ನಮ್ಮ ವಿಭಕ್ತಿಯಲ್ಲಿ ತಣ್ಣಗೆ ಕೂತಿದೆ. ವಸ್ತು ಕಾಣಿಸಿಕೊಳ್ಳುತ್ತದೆ, ಯಾರಿಗೋ ಕಾಣಿಸಿಕೊಳ್ಳುತ್ತದೆ. ಇವೆರಡನ್ನು ಬಿಡಿಸಲು ಬರುವುದಿಲ್ಲ.

ಈ ಚಿಂತನೆಗೆ ಶಾಸ್ತ್ರದ ರೂಪ ಕೊಟ್ಟವರು ಎಡ್ಮಂಡ್ ಹುಸರ್ಲ್. 1859ರಲ್ಲಿ, ಇಂದು ಚೆಕ್ ದೇಶಕ್ಕೆ ಸೇರಿದ ಮೊರಾವಿಯಾ ಪ್ರಾಂತ್ಯದಲ್ಲಿ ಹುಟ್ಟಿದವರು. ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಿಯೆನ್ನಾದಲ್ಲಿ ಫ್ರಾಂಟ್ಸ್ ಬ್ರೆಂಟಾನೊ ಅವರ ಪಾಠ ಕೇಳಿ ತತ್ತ್ವಶಾಸ್ತ್ರಕ್ಕೆ ಹೊರಳಿಕೊಂಡರು. 1900 ಮತ್ತು 1901ರಲ್ಲಿ ಅವರ 'ತಾರ್ಕಿಕ ಶೋಧನೆಗಳು' ಎರಡು ಸಂಪುಟಗಳಲ್ಲಿ ಬಂತು. "ವಸ್ತುಗಳ ಕಡೆಗೇ ಹಿಂತಿರುಗೋಣ" ಎಂಬುದು ಆ ಬಳಗದ ಘೋಷಣೆಯಾಯಿತು. ಲೋಕದ ಬಗ್ಗೆ ಯಾರೋ ಕಟ್ಟಿಕೊಟ್ಟ ಸಿದ್ಧಾಂತಗಳನ್ನು ಆಮೇಲೆ ನೋಡೋಣ, ಮೊದಲು ವಸ್ತು ನಮಗೆ ಹೇಗೆ ತೋರುತ್ತಿದೆ ಎಂಬುದನ್ನು ನಿಷ್ಠೆಯಿಂದ ವರ್ಣಿಸೋಣ ಎಂದು ತಾತ್ಪರ್ಯ.

ಬ್ರೆಂಟಾನೊ ಅವರಿಂದ ಹುಸರ್ಲ್ ಪಡೆದ ಮುಖ್ಯ ಬಳುವಳಿ 'ಇಂಟೆನ್ಷನಾಲಿಟಿ'. ನಮ್ಮ ವಿದ್ಯಾರ್ಥಿಗಳು ಇದನ್ನು 'ಲೇಖಕರ ಉದ್ದೇಶ' ಎಂದು ಅನುವಾದಿಸಿ ಎಡವುತ್ತಾರೆ. ಉದ್ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಮನಸ್ಸು ಎಂಬುದು ಯಾವಾಗಲೂ ಯಾವುದೋ ಒಂದರ ಕಡೆಗೆ ಮುಖ ಮಾಡಿರುತ್ತದೆ, ಬರಿದೇ ಇರುವುದಿಲ್ಲ ಎಂಬುದು ಅದರ ಹುರುಳು. ನೋಡುವುದೆಂದರೆ ಏನನ್ನೋ ನೋಡುವುದು, ಹೆದರುವುದೆಂದರೆ ಏತಕ್ಕೋ ಹೆದರುವುದು. ಅಭಿಮುಖತೆ ಎನ್ನೋಣ.

ಇದು ಎಷ್ಟು ದೂರ ಹೋಗುತ್ತದೆಂದು ತಿಳಿಯಲು ತೋಟಕ್ಕೆ ಹೋಗಬೇಕು. ಒಂದು ಮರದ ತುದಿಯಲ್ಲಿ ಅಡಿಕೆ ಕೊನೆ ತೂಗುತ್ತಿದೆ. ತೋಟದ ಯಜಮಾನರು ತಲೆಯೆತ್ತಿದರೆ ಅವರಿಗೆ ತೋರುವುದು ಧಾರಣೆ. ಇದು ರಾಶಿ ಎಂಬ ದರ್ಜೆಗೆ ಹೋಗುವುದೋ ಬೆಟ್ಟೆಗೋ, ಬಿಟ್ಟರೆ ಗೊರಬಲಿಗೆ ಇಳಿದೀತೋ ಎಂದು ಶಿವಮೊಗ್ಗದ ಮಂಡಿಯೇ ಆ ಕೊನೆಯಲ್ಲಿ ತೂಗುತ್ತಿರುತ್ತದೆ. ಮರ ಹತ್ತಲು ಕಾಲಿಗೆ ತಳೆ ಸಿಕ್ಕಿಸಿಕೊಂಡ ಕೊನೆಗಾರನಿಗೆ ಅದೇ ಕೊನೆ ಒಂದು ಎತ್ತರವಾಗಿ, ನಿನ್ನೆಯ ಮಳೆಗೆ ಜಾರುವ ಕಾಂಡವಾಗಿ, ಪಕ್ಕದ ಮರಕ್ಕೆ ದಾಟಬಹುದಾದ ಅಂತರವಾಗಿ ತೋರುತ್ತದೆ. ಕೊನೆ ಒಂದೇ. ಆದರೆ ಯಾರಿಗೂ ತೋರದ, 'ಸುಮ್ಮನೆ ಕೊನೆ' ಎಂಬುದನ್ನು ಯಾರೂ ಕಂಡಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಕೆಳಗೆ ನಿಂತವರಿಗೆ ಕೊನೆಯ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಹಿಂಬದಿಯ ಕಾಯಿಗಳು ಕಾಣುವುದಿಲ್ಲ. ಹಾಗೆಂದು ಯಾರೂ "ಅರ್ಧ ಕೊನೆ ಕಂಡೆ" ಎನ್ನುವುದಿಲ್ಲ. ಕಾಣದ ಮಗ್ಗುಲನ್ನೂ ಸೇರಿಸಿಕೊಂಡೇ ಕಣ್ಣು ಕಾಣುತ್ತದೆ. ಸಾಹಿತ್ಯಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಧಾರಣೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕೊನೆಯನ್ನು ನೋಡಲು ಯಜಮಾನರಿಗೆ ಆಗುತ್ತದೆಯೇ? ಹುಸರ್ಲ್ ಕೇಳುವುದು ಇಂಥದನ್ನೇ. ಗ್ರೀಸಿನ ಸಂಶಯವಾದಿಗಳ 'ಎಪೊಖೆ' ಎಂಬ ಮಾತನ್ನು ಅವರು ಎತ್ತಿಕೊಂಡರು. ತೀರ್ಮಾನವನ್ನು ತಡೆಹಿಡಿಯುವುದು ಎಂದರ್ಥ. ಗಣಿತದವರಾದ್ದರಿಂದ ಇದನ್ನೇ ಕಂಸದೊಳಗೆ ಇಡುವುದು ಎಂದೂ ಕರೆದರು. ಕಂಸದಲ್ಲಿಟ್ಟದ್ದನ್ನು ಅಳಿಸಿದಂತೆ ಆಗುವುದಿಲ್ಲ, ಸುಳ್ಳೆಂದಂತೆಯೂ ಆಗುವುದಿಲ್ಲ. ಈ ಗಳಿಗೆಗೆ ಅದನ್ನು ನೆಚ್ಚಿಕೊಂಡು ಮಾತಾಡುವುದಿಲ್ಲ, ಅಷ್ಟೇ. ನಾನು ಚೀಟಿಯಿಂದ ಲೇಖಕರ ಹೆಸರನ್ನು ತೆಗೆದದ್ದು ಇದರ ಬಡ ಆವೃತ್ತಿ. ಪ್ರಶಸ್ತಿ, ಪಂಥ, ಜಾತಿ, ವಿವಾದ, ಎಲ್ಲವನ್ನೂ ಕಂಸದಲ್ಲಿಟ್ಟು ಈ ಸಾಲು ಹೇಗೆ ತೋರುತ್ತದೆ ಎಂದು ನೋಡುವುದು. ಕಥೆ ಓದುವವರು ಒಂದರ್ಥದಲ್ಲಿ ಇದನ್ನು ಆಗಲೇ ಮಾಡುತ್ತಿರುತ್ತಾರೆ. ಸಾಲು ಓದಿದ ಯಾರೂ ಎದ್ದು ಹೋಗಿ ದಣಪೆಯ ಹತ್ತಿರ ನೋಡಿ ಬರಲಿಲ್ಲ.

ಈಗ ಓದಿನ ಕಾಲದ ವಿಷಯ. ನನಗೆ ಫಿನಾಮಿನಾಲಜಿಯಲ್ಲಿ ಅತಿ ಇಷ್ಟವಾದ ಭಾಗ ಇದು. ಕಾಲದ ಅನುಭವದ ಬಗ್ಗೆ ಹುಸರ್ಲ್ 1905ರಲ್ಲಿ ಉಪನ್ಯಾಸ ಮಾಡಿದರು, ಅವು ಅಚ್ಚಾದದ್ದು 1928ರಲ್ಲಿ. ಅವರು ಕೊಡುವ ಉದಾಹರಣೆ ರಾಗದ್ದು. ಯಕ್ಷಗಾನದ ಭಾಗವತರು ಪದ ಎತ್ತಿದ್ದಾರೆ ಎಂದುಕೊಳ್ಳಿ. ಈ ಗಳಿಗೆಗೆ ಕಿವಿಗೆ ಬೀಳುವುದು ಒಂದೇ ಸ್ವರ. ಹಿಂದಿನದು ಮುಗಿದಿದೆ, ಮುಂದಿನದು ಬಂದಿಲ್ಲ. ಆದರೂ ನಾವು ಕೇಳುವುದು ಒಂಟಿ ಸ್ವರಗಳನ್ನಲ್ಲ, ಪದವನ್ನು. ಮುಗಿದ ಸ್ವರ ಈಗಿನ ಸ್ವರದ ಬೆನ್ನಿಗೆ ಅಂಟಿಕೊಂಡಿರುತ್ತದೆ, ಬರಲಿರುವುದರ ಕಡೆಗೆ ಕಿವಿ ಆಗಲೇ ಚಾಚಿಕೊಂಡಿರುತ್ತದೆ. ಹುಸರ್ಲ್ ಒಂದನ್ನು ರಿಟೆನ್ಷನ್ ಎಂದರು, ಇನ್ನೊಂದನ್ನು ಪ್ರೊಟೆನ್ಷನ್. ಹಿಡಿದಿಟ್ಟುಕೊಳ್ಳುವುದು, ಮುಂಚಾಚುವುದು. 'ಈಗ' ಎಂಬುದು ಬಿಂದುವಲ್ಲ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ದಪ್ಪ ಇರುವಂಥದು.

ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿದ್ದ ವೋಲ್ಫ್‌ಗಾಂಗ್ ಈಸರ್, 1976ರಲ್ಲಿ ಬಂದ 'ಓದುವ ಕ್ರಿಯೆ' ಎಂಬ ಗ್ರಂಥದಲ್ಲಿ, ಇದನ್ನು ವಾಕ್ಯಗಳಿಗೆ ಹೊಂದಿಸಿದರು. ಪ್ರತಿ ವಾಕ್ಯವೂ ಮುಂದಿನದಕ್ಕೆ ಒಂದು ನಿರೀಕ್ಷೆ ಹುಟ್ಟಿಸುತ್ತದೆ. ಮುಂದಿನದು ಬಂದು ಆ ನಿರೀಕ್ಷೆಯನ್ನು ತಿದ್ದುತ್ತದೆ, ತಿದ್ದುವಾಗ ಹಿಂದೆ ಓದಿದ್ದೂ ಬಣ್ಣ ಬದಲಿಸುತ್ತದೆ. ಓದುವವರು ಪಠ್ಯದ ಹೊರಗೆ ನಿಂತು ಅದನ್ನು ಇಡಿಯಾಗಿ ನೋಡುವುದಿಲ್ಲ, ಅದರೊಳಗೆ ನಡೆಯುತ್ತ ಹೋಗುತ್ತಾರೆ. ಈಸರ್ ಇದಕ್ಕೆ 'ಅಲೆಯುವ ದೃಷ್ಟಿಬಿಂದು' ಎಂದರು. ಘಾಟಿ ಇಳಿಯುವ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಇದು ಬಾಯಿಪಾಠವೇ. ಒಂದೊಂದು ತಿರುವಿಗೂ ಹಿಂದಿನ ಕಣಿವೆ ಬೇರೆಯಾಗುತ್ತದೆ.

ಈಸರ್ ಬರೆದದ್ದು ಹೆಚ್ಚಾಗಿ ಇಂಗ್ಲಿಷ್ ಕಾದಂಬರಿಗಳ ಓದಿನಿಂದ. ಕನ್ನಡ ವಾಕ್ಯದ ಜಾಡೇ ಬೇರೆ, ಕ್ರಿಯಾಪದ ನಮ್ಮಲ್ಲಿ ಕೊನೆಗೆ. ಈ ಸಾಲು ನೋಡಿ:

ಅವನು ಮನೆಗೆ ಬಂದು, ಕೈಕಾಲು ತೊಳೆದು, ಉಂಡು, ಚಾಪೆ ಹಾಸಿ, ದೀಪ ಆರಿಸಿ ಮಲಗಲಿಲ್ಲ.

'ಮಲಗ' ಎಂಬಲ್ಲಿಗೆ ಬರುವಷ್ಟರಲ್ಲಿ ನಾವು ಅವನನ್ನು ಮಲಗಿಸಿ ಆಗಿದೆ, ಕೋಣೆ ಕತ್ತಲಾಗಿದೆ. ಆಮೇಲೆ ಬರುತ್ತದೆ 'ಲಿಲ್ಲ'. ಗಡಬಡಿಸಿ ಎಬ್ಬಿಸಬೇಕು. ಎಲ್ಲಿಯವರೆಗೆ? ದೀಪ ಆರಿಸಿದನೋ ಇಲ್ಲವೋ? ಚಾಪೆ? ನಿಷೇಧ ಹಿಂದಕ್ಕೆ ಎಷ್ಟು ದೂರ ಹೋಗಿ ಅಳಿಸುತ್ತದೆ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ, ಓದುವವರೇ ನಿರ್ಧರಿಸಬೇಕು. ಜಗಲಿಯಲ್ಲಿ ಈ ಸಾಲಿನ ಮೇಲೆ ಅರ್ಧ ಗಂಟೆ ಜಗಳವಾಯಿತು. "ದೀಪ ಆರಿಸಿ ಆಗಿದೆ, ಕತ್ತಲಲ್ಲಿ ಕೂತಿದ್ದಾನೆ, ಪಾಪ" ಎಂದರು ಶಿಕ್ಷಕಿ. ತೋಟದವರು, "ಉಂಡೇ ಇಲ್ಲ ಅಂತ ನನಗೆ" ಎಂದರು. ನೂರಾರು ಪುಟದ ಕಾದಂಬರಿಯಲ್ಲಿ ಇಂಥವು ಸಾವಿರಾರು ಬರುತ್ತವೆ, ನಾವು ನಿಲ್ಲದೆ ನಿರ್ಧರಿಸುತ್ತ ಹೋಗುತ್ತೇವೆ, ನಿರ್ಧರಿಸಿದ್ದೂ ತಿಳಿಯುವುದಿಲ್ಲ.

ಕೆಮ್ಮಿನ ಸಾಲಿಗೂ ಇಂಥದೇ ಗುಟ್ಟಿದೆ. ಕೆಮ್ಮಿದ ಎಂದಿದ್ದರೆ ಗಂಡು, ಕೆಮ್ಮಿದಳು ಎಂದಿದ್ದರೆ ಹೆಣ್ಣು. 'ಯಾರೋ ಕೆಮ್ಮಿದರು' ಎಂದಾಗ ಆ 'ರು' ಬಹುವಚನವೋ ಗೌರವವೋ ಗೊತ್ತಿಲ್ಲದ್ದಕ್ಕೆ ಹಾಕಿದ ಮುಸುಕೋ ಹೇಳಲು ಬಾರದು. ಆದರೂ ಬರೆದುಕೊಟ್ಟವರು ಯಾರಿಗೂ ಹೆಣ್ಣಿನ ಕೆಮ್ಮು ಕೇಳಿಸಲಿಲ್ಲ.

ಹೀಗೆ ಪಠ್ಯ ತೆರವು ಬಿಟ್ಟ ಜಾಗಗಳನ್ನು ಸಾಹಿತ್ಯ ಮೀಮಾಂಸೆಯ ಮಧ್ಯಕ್ಕೆ ತಂದವರು ರೋಮನ್ ಇಂಗಾರ್ಡೆನ್. 1893ರಲ್ಲಿ ಪೋಲೆಂಡಿನ ಕ್ರಾಕೊವ್‌ನಲ್ಲಿ ಹುಟ್ಟಿ, ಹುಸರ್ಲ್ ಅವರ ಶಿಷ್ಯರಾಗಿ, ಗುರುವಿನೊಂದಿಗೆ ಜಗಳವನ್ನೂ ಆಡಿದವರು. 1931ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ 'ಸಾಹಿತ್ಯ ಕೃತಿ' ಈ ದಾರಿಯ ಮೂಲಗ್ರಂಥ. ಕಥೆ ಕಾಗದ ಮತ್ತು ಶಾಯಿಯಲ್ಲಿದೆ ಎನ್ನೋಣವೆಂದರೆ ಪ್ರತಿ ಸುಟ್ಟರೂ ಕಥೆ ಸುಡುವುದಿಲ್ಲ. ಓದುವವರ ಮನಸ್ಸಿನಲ್ಲಿದೆ ಎನ್ನೋಣವೆಂದರೆ ನೂರು ಜನ ಓದಿದರೆ ನೂರು ಕಥೆಗಳಾಗಬೇಕು, ನಾವೆಲ್ಲ ಒಂದೇ ಕಥೆಯ ಬಗ್ಗೆ ಜಗಳವಾಡಲೂ ಆಗಬಾರದು. ಇಂಗಾರ್ಡೆನ್ ಮೂರನೆಯ ದಾರಿ ಹಿಡಿದರು. ಕೃತಿ ಇರುವುದು ಪ್ರಜ್ಞೆಯ ಅಭಿಮುಖತೆಯಲ್ಲಿ, ಬರೆದವರು ಹೂಡಿದ್ದು, ಓದುವವರು ಮತ್ತೆ ಎಬ್ಬಿಸಬೇಕಾದ್ದು.

ಅದಕ್ಕೆ ಅವರು ನಾಲ್ಕು ಪದರಗಳನ್ನು ಹೇಳಿದರು. ನಮ್ಮ ಸಾಲಿನಲ್ಲೇ ನೋಡಬಹುದು. ಮೊದಲು ನಾದ, ಕತ್ತಲಿನ 'ಕ' ಕೆಮ್ಮಿನ 'ಕೆ'ಗೆ ಬಂದು ತಾಗುವುದು. ಅದರ ಮೇಲೆ ಪದ ಮತ್ತು ವಾಕ್ಯದ ಅರ್ಥ. ಅರ್ಥದಿಂದ ಮೂಡುವ ಲೋಕ, ಅಂದರೆ ಅಂಗಳ, ಮುಸ್ಸಂಜೆ, ಒಬ್ಬ ಮನುಷ್ಯ. ಮತ್ತೆ ಆ ಲೋಕ ನಮಗೆ ತೋರುವ ಮಗ್ಗುಲು. ಇಲ್ಲಿ ಕಣ್ಣಿಗೆ ತೋರಿದ್ದೇನೂ ಇಲ್ಲ, ಕಿವಿಗೆ ಕೇಳಿದ್ದು ಮಾತ್ರ. ಹೇಳುತ್ತಿರುವವರು ಮನೆಯ ಒಳಗಿದ್ದಾರೆ ಎಂದು ಸಾಲು ಬಾಯಿಬಿಟ್ಟು ಹೇಳಿಲ್ಲ. ಆದರೂ 'ಯಾರೋ' ಎಂದಾಗಲೇ ನಾವು ಒಳಗೆ ಹೋಗಿ ಕೂತೆವು.

ಈ ಪದರಗಳೆಲ್ಲ ಸೇರಿ ಕೊಡುವುದು ಬರೀ ಹಂದರ. ಅಡಿಕೆ ಕೊನೆಗೆ ಮರದ ಸುತ್ತ ಹೋದರೆ ಹಿಂಬದಿ ಕಾಣುತ್ತದೆ. ಕಥೆಯ ಅಂಗಳಕ್ಕೆ ಹಿಂಬದಿಯೇ ಇಲ್ಲ. ಬರೆದಷ್ಟೇ ಇದೆ. ಬರೆಯದ ಕಡೆ ಇರುವುದನ್ನು ಇಂಗಾರ್ಡೆನ್ 'ಅನಿಶ್ಚಿತ ತಾಣಗಳು' ಎಂದರು, ಓದುವವರು ಅದನ್ನು ತುಂಬಿ ಕೃತಿಯನ್ನು ಮೂರ್ತಗೊಳಿಸುವುದಕ್ಕೆ 'ಕಾಂಕ್ರಿಟೈಸೇಷನ್' ಎಂದರು. ಸಗಣಿ, ತುಳಸಿ, ಸೈಕಲ್ಲು ಬಂದದ್ದು ಈ ಬಾಗಿಲಿನಿಂದ. ತುಂಬುವುದರಲ್ಲಿ ಸರಿ ತಪ್ಪು ಇದೆ ಎಂದು ಇಂಗಾರ್ಡೆನ್ ನಂಬಿದ್ದರು. ಈಸರ್‌ಗೆ ಅದು ಬಹಳ ಬಿಗಿಯೆನಿಸಿತು. ಅವರ ಸಹೋದ್ಯೋಗಿ ಹಾನ್ಸ್ ರಾಬರ್ಟ್ ಯೌಸ್, ಪ್ರತಿ ಕಾಲದ ಓದುಗರೂ ತಮ್ಮದೇ 'ನಿರೀಕ್ಷೆಯ ದಿಗಂತ' ಹೊತ್ತು ಬರುತ್ತಾರೆ ಎಂದರು. ನಮ್ಮ ಬ್ಯಾಂಕಿನವರಿಗೆ ಮುಂದಿನ ಸಾಲಿನಲ್ಲಿ ದೆವ್ವ ಕಂಡದ್ದು ಅವರು ಹೊತ್ತು ತಂದ ದಿಗಂತದಿಂದ. ಅವರು ಚಿಕ್ಕಂದಿನಿಂದ ಪತ್ತೇದಾರಿ ಕಾದಂಬರಿ ಓದಿದವರು.

ದೇಹದ ಮಾತು ಇನ್ನೂ ಬಂದಿಲ್ಲ. ಮಾರಿಸ್ ಮೆರ್ಲೊ-ಪಾಂಟಿ ಎಂಬ ಫ್ರೆಂಚ್ ಚಿಂತಕರು 1945ರ ತಮ್ಮ ಗ್ರಂಥದಲ್ಲಿ, ಲೋಕವನ್ನು ಗ್ರಹಿಸುವುದು ಎಲ್ಲೋ ಮೇಲೆ ಕೂತ ಪ್ರಜ್ಞೆಯಲ್ಲ, ಕೈಕಾಲು ಇರುವ ಈ ದೇಹವೇ ಎಂದು ವಾದಿಸಿದರು. ಕುರುಡನ ಕೋಲಿನ ಉದಾಹರಣೆ ಪ್ರಸಿದ್ಧ. ಅಭ್ಯಾಸವಾದ ಮೇಲೆ ಅವನು ಕೋಲನ್ನು ಮುಟ್ಟುವುದಿಲ್ಲ, ಕೋಲಿನ ತುದಿಯಿಂದ ನೆಲವನ್ನು ಮುಟ್ಟುತ್ತಾನೆ. ಓದಿಗೆ ಇದರಿಂದೇನು ಎನ್ನುವವರಿಗೆ ಒಂದು ಪ್ರಸಂಗ. ಮಲೆನಾಡಿನ ಕಾಡಿನ ಬಗ್ಗೆ ಒಂದು ಕಥೆ ಓದುತ್ತಿದ್ದೆವು. ಅದರಲ್ಲಿ ನಾಯಕ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದ ಕೂಡಲೇ ನೋವಿನಿಂದ ಚೀರುತ್ತಾನೆ. ಜಗಲಿಯಲ್ಲಿ ಆರೂ ಜನ ಒಟ್ಟಿಗೆ ನಕ್ಕರು. ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಬೆರಳ ಸಂದಿಯಲ್ಲಿ ರಕ್ತ ಕಂಡಾಗ, ಅದು ಎಷ್ಟು ಹೊತ್ತಾದರೂ ನಿಲ್ಲದಿದ್ದಾಗ, ಓ ಹತ್ತಿತ್ತು ಎಂದು ತಿಳಿಯುತ್ತದೆ. ಆ ಕಥೆ ಅಲ್ಲಿಗೆ ನಮ್ಮ ಕೈತಪ್ಪಿತು. ಮುಂದೆ ಎಷ್ಟು ಚೆನ್ನಾಗಿ ಬರೆದಿದ್ದರೂ ಕಾಡು ಮತ್ತೆ ಕಾಡಾಗಲಿಲ್ಲ. ಆ ವಿಮರ್ಶೆ ಮಾಡಿದ್ದು ನಮ್ಮ ಕಾಲುಗಳು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಓದುಗರಿಗೆ ಆ ಚೀತ್ಕಾರ ಸಹಜವಾಗಿಯೇ ಕೇಳಿಸಿರಬಹುದು, ಅವರ ಓದು ಮುರಿದಿರಲಿಕ್ಕಿಲ್ಲ.

ಗಾಸ್ತೋಂ ಬಾಷೆಲಾರ್ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. ಅಂಚೆ ಇಲಾಖೆಯಲ್ಲಿದ್ದು ಆಮೇಲೆ ವಿಜ್ಞಾನದ ತತ್ತ್ವಶಾಸ್ತ್ರಜ್ಞರಾದ ಇವರು 1957ರಲ್ಲಿ ಮನೆ, ಮೂಲೆ, ಗೂಡು, ಪೆಟ್ಟಿಗೆಗಳು ಕಾವ್ಯದಲ್ಲಿ ಹೇಗೆ ತೋರುತ್ತವೆ ಎಂದು ಒಂದು ಸುಂದರ ಗ್ರಂಥ ಬರೆದರು. ಅವರ ಮನೆ ನೆಟ್ಟಗೆ ನಿಂತದ್ದು: ಮೇಲೆ ಅಟ್ಟ, ಕೆಳಗೆ ನೆಲಮಾಳಿಗೆ, ಭಯವೆಲ್ಲ ನೆಲಮಾಳಿಗೆಯಲ್ಲಿ. ಮಲೆನಾಡಿನ ಮನೆಯಲ್ಲಿ ಅಟ್ಟ ಇದೆ, ನೆಲಮಾಳಿಗೆ ಇಲ್ಲ. ನಮ್ಮ ಭಯ ಅಡ್ಡಕ್ಕೆ ಮಲಗಿದೆ. ದಣಪೆ, ಅಂಗಳ, ಜಗಲಿ, ನಡುಮನೆ, ಅಡುಗೆಮನೆ ಎಂದು ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದರ ಲೆಕ್ಕ ಅದು.

ನಮ್ಮಲ್ಲಿ ಇದೆಲ್ಲ ಆಗಲೇ ಇತ್ತು ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ, ತೀರ್ಥಹಳ್ಳಿಯಲ್ಲಿ ಸ್ವಲ್ಪ ಜಾಸ್ತಿ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. 9ನೇ ಶತಮಾನದ ಆನಂದವರ್ಧನ, ಹೇಳದೆ ಉಳಿದದ್ದೇ ಹೇಳಿದ್ದಕ್ಕಿಂತ ಜೋರಾಗಿ ಧ್ವನಿಸುತ್ತದೆ ಎಂದ. ಅವನ ವ್ಯಾಖ್ಯಾನಕಾರ ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ. ಇದು ನನ್ನದು, ಇದು ಇನ್ನೊಬ್ಬರದು ಎಂದು ಸ್ವಂತದ ದೇಶಕಾಲಕ್ಕೆ ಅಂಟಿಕೊಳ್ಳುವುದು ಅವುಗಳಲ್ಲೊಂದು. ಸಹೃದಯ ಅದನ್ನು ಬಿಡಬೇಕು, ಬಿಟ್ಟಾಗ ಭಾವ ಸಾಧಾರಣೀಕರಣಗೊಳ್ಳುತ್ತದೆ, ಎಲ್ಲರದೂ ಆಗುತ್ತದೆ. ಹುಸರ್ಲರ ಕಂಸಕ್ಕೆ ಇದು ಹತ್ತಿರ. ಆದರೆ ಅಭಿನವಗುಪ್ತನ ಗುರಿ ರಸ, ಆ ಆನಂದದ ಸ್ವರೂಪ. ಇಂಗಾರ್ಡೆನ್ ಕೇಳುತ್ತಿದ್ದುದು ಕೃತಿ ಎಂಬ ವಸ್ತು ಯಾವ ಬಗೆಯಲ್ಲಿ ಇದೆ ಎಂದು. ಎರಡನ್ನೂ ಒಂದೇ ಹಂಡೆಗೆ ಸುರಿದರೆ ಎರಡರ ರುಚಿಯೂ ಕೆಡುತ್ತದೆ.

ನನ್ನ ತಕರಾರು ಬೇರೆ. ಭಾವ ಎಲ್ಲರದೂ ಆಗುತ್ತದೆ ಎನ್ನುವಾಗ ಆ 'ಎಲ್ಲರು' ಯಾರು? ಹುಸರ್ಲ್ ಹೇಳುವ ಪ್ರಜ್ಞೆಗೆ ಊರಿಲ್ಲ, ಕೇರಿಯಿಲ್ಲ. ಆದರೆ ಅವರಿಗೆ ಇದ್ದವು. 1933ರಲ್ಲಿ, ಯೆಹೂದಿ ಮೂಲದವರೆಂದು, ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿದ ಫ್ರೈಬರ್ಗ್ ವಿಶ್ವವಿದ್ಯಾಲಯದಿಂದ ಅವರನ್ನು ಹೊರಗಿಟ್ಟರು. ಅದೇ ವರ್ಷ ಅವರ ಶಿಷ್ಯ ಮಾರ್ಟಿನ್ ಹೈಡೆಗರ್ ಅಲ್ಲಿಯೇ ರೆಕ್ಟರ್, ಅಂದರೆ ಕುಲಪತಿ, ಆಗಿ ನಾಜಿ ಪಕ್ಷ ಸೇರಿದರು. ಹುಸರ್ಲ್ 1938ರಲ್ಲಿ ತೀರಿಕೊಂಡ ಮೇಲೆ, ಶೀಘ್ರಲಿಪಿಯಲ್ಲಿದ್ದ ಅವರ ಸುಮಾರು 40,000 ಪುಟಗಳ ಹಸ್ತಪ್ರತಿಗಳನ್ನು ಫಾನ್ ಬ್ರೇಡ ಎಂಬ ಪಾದ್ರಿಯೊಬ್ಬರು ಉಪಾಯವಾಗಿ ಬೆಲ್ಜಿಯಮ್ಮಿನ ಲೂವೆನ್‌ಗೆ ಸಾಗಿಸಿ ಉಳಿಸಿದರು.

ಯಾರ ಅನುಭವ ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯಕ್ಕೆ ಗಟ್ಟಿಯಾಗಿ ಕೇಳಿದ ಚಳವಳಿಯ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. ನವ್ಯ ಪಂಥದ ಸಾಹಿತಿಗಳು ಪಠ್ಯವನ್ನು ನೋಡಿ ಎಂದರು, ದಲಿತ ಬಂಡಾಯದವರು ಪಠ್ಯದ ಹೊರಗೆ ನಿಂತವರನ್ನು ನೋಡಿ ಎಂದರು. ಓದುವಾಗ ಏನು ನಡೆಯುತ್ತದೆ ಎಂಬ ಫಿನಾಮಿನಾಲಜಿಯ ಪ್ರಶ್ನೆ ಈ ಇಬ್ಬರ ನಡುವಿನ ಜಾಗದಲ್ಲಿ ಸುಮ್ಮನೆ ಬಿದ್ದಿತ್ತು ಎಂದು ನನಗೆ ಕಾಣುತ್ತದೆ. ಇತ್ತೀಚೆಗೆ ಬೆಂಗಳೂರಿನ ತತ್ತ್ವಶಾಸ್ತ್ರಜ್ಞ ಸುಂದರ್ ಸರುಕ್ಕೈ ಅಸ್ಪೃಶ್ಯತೆಯ ಫಿನಾಮಿನಾಲಜಿಯ ಬಗ್ಗೆಯೇ ಬರೆದರು. ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಅವರೊಂದಿಗೆ 2012ರಲ್ಲಿ ತಂದ 'ದಿ ಕ್ರ್ಯಾಕ್ಡ್ ಮಿರರ್' ಗ್ರಂಥದಲ್ಲಿ ಅನುಭವ ಯಾರದು, ಅದರ ಬಗ್ಗೆ ಸಿದ್ಧಾಂತ ಕಟ್ಟುವ ಹಕ್ಕು ಯಾರದು ಎಂದು ಇಬ್ಬರೂ ಎದುರುಬದುರು ಕೂತು ವಾದಿಸುತ್ತಾರೆ. ಮುಟ್ಟುವುದು ಎಂಬ ಇಂದ್ರಿಯಾನುಭವವನ್ನೇ ಹಿಡಿದು ಹೊರಟರೆ ಫಿನಾಮಿನಾಲಜಿ ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಅಲ್ಲಿ ನೋಡಬಹುದು.

ಇಷ್ಟು ಹೇಳಿದ್ದು ಆ ಖಾಲಿ ಚೀಟಿಗಾಗಿ. ಮುಂದಿನ ತಿಂಗಳು ನರ್ಸ್ ಬಂದಾಗ ನಾನು ಕೇಳಿರಲಿಲ್ಲ, ಅವರೇ ಹೇಳಿದರು.

"ಅವತ್ತು ಬರಿಯೋಕೆ ಆಗಲಿಲ್ಲ ಮೇಷ್ಟ್ರೇ. ನೀವು ಅಂಗಳ ಹೇಗಿತ್ತು ಅಂತ ಕೇಳಿದ್ರಿ. ನಾನು ಅಂಗಳದ ಒಳಗೇ ಇರಲಿಲ್ಲ."

ಅವರ ಅಜ್ಜಿ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಕೂಲಿ ಭತ್ತ ಈಸಿಕೊಳ್ಳಲು ಸಂಜೆ ಹೋದರೆ ಕರೆಯುವಂತಿಲ್ಲ, ಒಳಗೆ ಬರುವಂತಿಲ್ಲ. ಅಂಗಳದ ಅಂಚಿನಲ್ಲಿ ನಿಂತು ಕೆಮ್ಮಬೇಕು. ಕೆಮ್ಮು ಬಾರದಿದ್ದರೂ ಕೆಮ್ಮಬೇಕು. ಜೋರಾದರೆ ಸೊಕ್ಕು ಅನ್ನುತ್ತಾರೆ, ಮೆಲ್ಲಗಾದರೆ ಯಾರಿಗೂ ಕೇಳುವುದಿಲ್ಲ. ಎಷ್ಟು ಜೋರಾಗಿ ಕೆಮ್ಮಬೇಕು ಎಂಬುದನ್ನು ಅಜ್ಜಿ ಇವರ ಅಮ್ಮನಿಗೆ ಹೇಳಿಕೊಟ್ಟಿದ್ದರಂತೆ.

"ನಿಮಗೆಲ್ಲ ಕೆಮ್ಮು ಕೇಳಿಸಿತು. ನನಗೆ ಗಂಟಲು ಕೆರೆದ ಹಾಗಾಯ್ತು" ಎಂದರು.

ಸಾಲಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ತೋಟದವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಚೀಟಿಯಲ್ಲಿದ್ದ ದಣಪೆಯೂ ಈ ಅಜ್ಜಿ ನಿಂತ ಜಾಗವೂ ಹೆಚ್ಚು ದೂರವಿರಲಿಲ್ಲ. ಇಂಗಾರ್ಡೆನ್ ಅವರನ್ನು ಕೇಳಿದರೆ ಯಾವ ಮೂರ್ತೀಕರಣ ಸರಿ ಎನ್ನುತ್ತಿದ್ದರೋ. 'ಯಾರೋ' ಎಂಬ ಪದವನ್ನು ಬರೆಯುವಾಗ ನಾನು ಜಗಲಿಯ ಮೇಲೆ ಕೂತಿದ್ದೆ, ಅದು ನನಗೆ ಗೊತ್ತಿರಲಿಲ್ಲ. ಕೆಮ್ಮಿದವರಿಗೆ ತಾವು ಯಾರೋ ಆಗಿರುವುದಿಲ್ಲ.

ಶಿಕ್ಷಕಿ ಪೆನ್ನು ತೆಗೆದು ಚೀಟಿಯ ಹಿಂಬದಿಗೆ ಸಾಲನ್ನು ಇನ್ನೊಮ್ಮೆ ಬರೆಯಲು ನೋಡಿದರು, ಹೊರಗಿನಿಂದ. 'ಕತ್ತಲಾಗುವ ಹೊತ್ತಿಗೆ' ಎಂಬುದು ಹಾಗೇ ಉಳಿಯಿತು. ಆಮೇಲೆ ಏನು ಬರೆಯಬೇಕೆಂದು ಏಳೂ ಜನ ಸೇರಿ ನೋಡಿದೆವು. "ಅಂಗಳದ ಅಂಚಿನಲ್ಲಿ ನಿಂತು ಕೆಮ್ಮಿದಳು" ಎಂದರೆ ಮತ್ತೆ ಒಳಗಿನಿಂದಲೇ ನೋಡಿದ ಹಾಗಾಯಿತು. "ಕೆಮ್ಮಿದೆ" ಎಂದು ಬರೆಯೋಣ ಎಂದರು ಬ್ಯಾಂಕಿನವರು. ನರ್ಸ್ ತಲೆಯಾಡಿಸಿದರು. "ಅಜ್ಜಿ ಹಾಗೆ ಹೇಳ್ತಿರಲಿಲ್ಲ. 'ಕೆಮ್ಮು ಮಾಡ್ದೆ' ಅಂತಿದ್ರು" ಎಂದರು.